ಮಗಳಿಗೊಂದು ಪತ್ರ: ಹುಲ್ದಾ, ಯೆರೆಮೀಯ ಮತ್ತು ಒಂದು ಗುಮಾಸ್ತರ ಮನೆತನ

ಪ್ರೀತಿಯ ಪುಟ್ಟಿ,

ಪ್ರವಾದಿಗಳೆಂದರೆ ಜ್ಯೋತಿಷಿಗಳ ಹಾಗೇನಾ ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ. ಆಗ ಪೂರ್ತಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮುಂದಾಗುವುದನ್ನು ಅವರೂ ಹೇಳುತ್ತಿದ್ದರು, ನಿಜ. ಆದರೆ ಅದು ಅವರ ಕೆಲಸದಲ್ಲಿ ಒಂದು ಪಾಲು ಅಷ್ಟೇ. ಹಳೆಯ ಇಸ್ರೇಲಿನಲ್ಲಿ ಬಲಿ, ಪೂಜೆ ಯಾಜಕರದು, ಆಳ್ವಿಕೆ ರಾಜನದು. ಪ್ರವಾದಿಯಾಗಲು ಮಾತ್ರ ಇಂಥ ವಂಶದಲ್ಲೇ ಹುಟ್ಟಬೇಕೆಂದಿರಲಿಲ್ಲ, ಗಂಡಸೇ ಆಗಿರಬೇಕೆಂದೂ ಇರಲಿಲ್ಲ. ದೇವರ ಜೊತೆಗಿನ ಒಡಂಬಡಿಕೆಯನ್ನು ಮುರಿದಿದ್ದೀರಿ ಎಂದು ಜನರಿಗೂ ರಾಜನಿಗೂ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು, ಅದೇ ಅವರ ಕೆಲಸ. ಆಮೋಸ ಕುರಿ ಸಾಕುತ್ತಿದ್ದವನು. ಒಂದು ಜೊತೆ ಕೆರಕ್ಕಾಗಿ ಬಡವರನ್ನು ಮಾರುತ್ತೀರಿ ಎಂದು ಛೀಮಾರಿ ಹಾಕಿದ. ನಿನ್ನ ಸೀಮೆಗೆ ಹೋಗಿ ಅಲ್ಲೇ ಹೊಟ್ಟೆ ಹೊರೆದುಕೋ ಎಂದು ಬೇತೇಲಿನ ಯಾಜಕ ಅವನನ್ನು ಅಟ್ಟಿದ.

ಸಂಡೇ ಸ್ಕೂಲಿನಲ್ಲಿ ಎಲೀಯನ ಬೆಂಕಿಯ ಕಥೆ ಕೇಳಿರುತ್ತೀಯ. ಹುಲ್ದಾ ಎಂಬ ಪ್ರವಾದಿನಿಯ ಹೆಸರು ಕೇಳಿರಲಿಕ್ಕಿಲ್ಲ, ಅಲ್ವಾ? ಕ್ರಿ.ಪೂ. 622ರ ಸುಮಾರಿಗೆ ಜೆರುಸಲೇಮಿನ ದೇವಾಲಯದ ರಿಪೇರಿ ನಡೆಯುವಾಗ ಧರ್ಮಶಾಸ್ತ್ರದ ಸುರುಳಿಯೊಂದು ಸಿಕ್ಕಿತು. ರಾಜನ ಲೇಖಕ, ಅಂದರೆ ಗುಮಾಸ್ತ, ಶಾಫಾನ ಅದನ್ನು ಯೋಷೀಯ ರಾಜನ ಮುಂದೆ ಓದಿದ. ಕೇಳಿದ ರಾಜ ತನ್ನ ಬಟ್ಟೆಯನ್ನೇ ಹರಿದುಕೊಂಡ. ಇದರ ಅರ್ಥ ದೇವರನ್ನೇ ಕೇಳಿ ಬನ್ನಿ ಎಂದು ಐವರನ್ನು ಕಳಿಸಿದ. ಅವರಲ್ಲಿ ಮಹಾಯಾಜಕನೂ ಇದ್ದ. ಅವರು ಹೋದದ್ದು ಅರಮನೆಯ ಉಡುಪುಗಳನ್ನು ನೋಡಿಕೊಳ್ಳುವವನ ಹೆಂಡತಿ ಹುಲ್ದಾಳ ಹತ್ತಿರ! ಯೆರೆಮೀಯ ಎಂಬ ಪ್ರವಾದಿ ಆಗಲೇ ಸಾರಲು ಶುರುಮಾಡಿ ನಾಲ್ಕೈದು ವರ್ಷವಾಗಿತ್ತು, ಆದರೂ ಹುಲ್ದಾಳ ಹತ್ತಿರವೇ. ಅವಳು ಯಾವ ಮುಲಾಜೂ ಇಲ್ಲದೆ, "ನಿಮ್ಮನ್ನು ಕಳಿಸಿದ ಆ ಮನುಷ್ಯನಿಗೆ ಹೇಳಿ" ಎಂದೇ ಶುರುಮಾಡಿದಳು. ಈ ಊರಿನ ಮೇಲೆ ಕೇಡು ಬರುವುದು ಖಂಡಿತ, ರಾಜನ ಮನಸ್ಸು ಕರಗಿದ್ದರಿಂದ ಅದನ್ನು ಅವನು ಕಣ್ಣಾರೆ ನೋಡುವುದಿಲ್ಲ ಅಷ್ಟೇ ಎಂದಳು.

ಈ ಶಾಫಾನನನ್ನು ನೆನಪಿಟ್ಟುಕೋ. ಪ್ರವಾದಿ ಎಂದರೆ ಒಬ್ಬಂಟಿ ವೀರ ಎಂದು ಎಲ್ಲರೂ ಬಣ್ಣಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೆನ್ನಿಗೆ ಯಾರೂ ಇಲ್ಲದಿದ್ದರೆ ಪ್ರವಾದಿ ಉಳಿಯುತ್ತಿರಲಿಲ್ಲ. ಯೋಷೀಯನ ಮಗ ಯೆಹೋಯಾಕೀಮನ ಕಾಲದಲ್ಲಿ, ಈ ದೇವಾಲಯ ಹಾಳಾಗುತ್ತದೆ ಎಂದ ಯೆರೆಮೀಯನನ್ನು ಕೊಲ್ಲಲು ಜನ ಮುಗಿಬಿದ್ದರು. ಅವನ ಜೀವ ಉಳಿಸಿದವನು ಶಾಫಾನನ ಮಗ ಅಹೀಕಾಮ. ಅದೇ ಮಾತು ಆಡಿದ ಊರೀಯ ಎಂಬ ಪ್ರವಾದಿಗೆ ಯಾರೂ ಇರಲಿಲ್ಲ. ಈಜಿಪ್ಟಿಗೆ ಓಡಿಹೋದರೂ ಹಿಡಿದು ತಂದು ಕತ್ತಿಗೆ ಬಲಿ ಕೊಟ್ಟರು.

ಆಮೇಲೆ ಯೆರೆಮೀಯನಿಗೆ ದೇವಾಲಯದೊಳಗೆ ಹೋಗುವಂತಿರಲಿಲ್ಲ. ಅವನು ಹೇಳುತ್ತಾ ಹೋದ, ಅವನ ಬರಹಗಾರ ಬಾರೂಕ ಮಸಿಯಲ್ಲಿ ಸುರುಳಿಗೆ ಬರೆದುಕೊಂಡ. ಜನರೆದುರು ಅದನ್ನು ಓದಲು ಬಾರೂಕನಿಗೆ ಜಾಗ ಸಿಕ್ಕಿದ್ದು ಶಾಫಾನನ ಇನ್ನೊಬ್ಬ ಮಗ ಗೆಮರ್ಯನ ಕೋಣೆಯಲ್ಲಿ. ಕೇಳಿಸಿಕೊಂಡ ಅಧಿಕಾರಿಗಳು ನಡುಗಿಹೋದರು. ನೀನೂ ಯೆರೆಮೀಯನೂ ಎಲ್ಲಾದರೂ ಅಡಗಿಕೊಳ್ಳಿ, ಎಲ್ಲಿ ಅಂತ ಯಾರಿಗೂ ಗೊತ್ತಾಗಬಾರದು ಎಂದರು. ಸುರುಳಿ ರಾಜನ ಹತ್ತಿರ ಹೋಯಿತು. ಚಳಿಗಾಲ. ರಾಜನ ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಮೂರು ನಾಲ್ಕು ಅಂಕಣ ಓದಿಯಾಗುತ್ತಲೇ ರಾಜ ಅಷ್ಟನ್ನು ಲೇಖಕರ ಚಾಕುವಿನಿಂದ ಕುಯ್ದು ಬೆಂಕಿಗೆ ಹಾಕಿದ. ಮತ್ತೆ ಓದುವುದು, ಮತ್ತೆ ಕುಯ್ಯುವುದು. ಹೀಗೇ ಪೂರ್ತಿ ಸುರುಳಿ. ಅಪ್ಪ ಬಟ್ಟೆ ಹರಿದುಕೊಂಡಿದ್ದ, ಮಗ ನೋಡು! ಗೆಮರ್ಯ ಬೇಡ ಬೇಡ ಎಂದು ಬೇಡಿಕೊಂಡ, ರಾಜ ಕಿವಿಗೆ ಹಾಕಿಕೊಳ್ಳಲಿಲ್ಲ. ಯೆರೆಮೀಯ ಇನ್ನೊಂದು ಸುರುಳಿ ತರಿಸಿ ಎಲ್ಲವನ್ನೂ ಮತ್ತೆ ಬರೆಸಿದ. ಈ ಸಲ ಇನ್ನೂ ಜಾಸ್ತಿ ಸೇರಿಸಿ.

ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿನವರು ಊರನ್ನೂ ದೇವಾಲಯವನ್ನೂ ಸುಟ್ಟರು. ಸೆರೆಯಲ್ಲಿದ್ದ ಯೆರೆಮೀಯನನ್ನು ಬಿಡಿಸಿ, ಉಳಿದ ಜನರ ಮೇಲೆ ತಾವು ನೇಮಿಸಿದ ಗೆದಲ್ಯ ಎಂಬವನಿಗೆ ಒಪ್ಪಿಸಿದರು. ಅವನು ಅಹೀಕಾಮನ ಮಗ, ಶಾಫಾನನ ಮೊಮ್ಮಗ.

ನಿನ್ನ,
ಅಮ್ಮ