ಬ್ರಾಕೆಟ್ ಹಾಕಿಕೊಟ್ಟವರಿಗೆ

ನಿಮ್ಮ ಹೆಸರು ಗೊತ್ತಿಲ್ಲ. ಆದರೂ ಥ್ಯಾಂಕ್ಸ್ ಹೇಳದೆ ಇರಲು ಆಗುತ್ತಿಲ್ಲ.

ನಾನು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತಾಗ ಸಿಕ್ಕಿದ್ದು ಒಂದು ಪುಟ್ಟ ಲೈಬ್ರರಿಯ, ಅಂದರೆ ಬೇರೆಯವರು ಬಳಸಲೆಂದು ಬರೆದಿಟ್ಟ ಕೋಡ್‌ನ, ಕೈಪಿಡಿ. ಉದಾಹರಣೆಗಳೆಲ್ಲ ಹಳೆಯ ಆವೃತ್ತಿಯಾದ ಪೈಥಾನ್ 2ರ ಕಾಲದವು. ಮೊದಲನೆಯದನ್ನೇ ಇದ್ದ ಹಾಗೆ ಟೈಪ್ ಮಾಡಿದೆ. ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು ಅಂತ ಬಂತು! ತಪ್ಪು ನನ್ನದೇ ಅಂದುಕೊಂಡು ಒಂದು ಸಂಜೆ ಪೂರ್ತಿ ಸ್ಪೇಸ್ ಎಣಿಸಿದ್ದೇನೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ, ಪರದೆಯ ಮೇಲೆ ಉತ್ತರ ತೋರಿಸುವ ಪ್ರಿಂಟ್ ಅನ್ನೋದು ಫಂಕ್ಷನ್ ಆಯಿತು, ಅದಕ್ಕೆ ಬ್ರಾಕೆಟ್ ಬೇಕೇ ಬೇಕು ಅಂತ ಹೊಸಬನಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಕೆಲವು ವಾರ ಬಿಟ್ಟು ಕೈಪಿಡಿ ನೋಡಿದರೆ ಎಲ್ಲವೂ ಸರಿಯಾಗಿತ್ತು; ಉದಾಹರಣೆಗಳನ್ನೆಲ್ಲ ನೀವು ಪೈಥಾನ್ 3ಕ್ಕೆ ತಕ್ಕಂತೆ ತಿದ್ದಿದ್ದಿರಿ. ಬ್ರಾಕೆಟ್ ಹಾಕುವ ಕೆಲಸವನ್ನು ಹಳೆಯ ಕೋಡನ್ನು ಪೈಥಾನ್ 3ಕ್ಕೆ ಬದಲಿಸುವ ಟೂ-ಟು-ತ್ರೀ ಟೂಲ್ ಕೂಡ ಮಾಡುತ್ತಿತ್ತು, ಬಿಡಿ. ಆದರೆ ಭಾಗಾಕಾರ ಅದಕ್ಕೆ ದಕ್ಕುತ್ತಿರಲಿಲ್ಲ. ಮೊದಲು 7/2 ಅಂದರೆ 3 ಬರುತ್ತಿತ್ತು, ಈಗ 3.5. ಎರರ್ ಏನೂ ಇಲ್ಲ, ಸುಮ್ನೆ ಉತ್ತರ ಬೇರೆ. ನೀವು ಪುಟಗಳನ್ನು ಎಣಿಸುವ ಕಡೆ, ಪೂರ್ಣಸಂಖ್ಯೆಯೇ ಬರಲಿ ಅಂತ ಎರಡು ಓರೆಗೆರೆ (//) ಹಾಕಿದ್ದೀರಿ. ಸರಾಸರಿ ತೆಗೆಯುವ ಕಡೆ ಒಂದೇ ಗೆರೆ ಬಿಟ್ಟು, ಕೆಳಗಿನ ಔಟ್‌ಪುಟ್ ತಿದ್ದಿದ್ದೀರಿ. ಒಂದೊಂದನ್ನೂ ಓಡಿಸಿ ನೋಡದೆ ಹೀಗೆ ಮಾಡಲು ಆಗುವುದಿಲ್ಲ.

ಇಷ್ಟೆಲ್ಲ ಮಾಡಿ, ಬದಲಾವಣೆಯ ಜೊತೆಗಿನ ಟಿಪ್ಪಣಿಯಲ್ಲಿ ನೀವು ಬರೆದದ್ದು ಎರಡೇ ಪದ: ಉದಾಹರಣೆ ತಿದ್ದಿದೆ.