ಚಿಟಿಕೆ ಪರೀಕ್ಷಿಸಿ ರಾಶಿಗೆ ಪರವಾನಗಿ ಕೊಡಬೇಡಿ: ಕೈಗಾರಿಕಾ ಸುರಕ್ಷತೆಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ರಾಕೆಟ್ಟಿನ ಘನ ಇಂಧನಕ್ಕೆ ಬೇಕಾಗುವ ಕಚ್ಚಾವಸ್ತುಗಳ ಉಷ್ಣ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ 26 ವರ್ಷ ದುಡಿದು ನಿವೃತ್ತನಾದವನು ನಾನು. ಕೆಲಸದಲ್ಲಿದ್ದಾಗ ಇದೇ ವಿಷಯವಾಗಿ 11 ಪತ್ರ ಬರೆದೆ. ಅವೆಲ್ಲ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ನನ್ನ ಟೇಬಲ್ಲಿಗೇ ಬಂದು ಬಿದ್ದವು. ಇದು ಹನ್ನೆರಡನೆಯದು. ಈ ಸಲ ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಿಯಮಗಳು ನಿಮಗೆ ಗೊತ್ತೇ ಇವೆ, ನಾನು ಹೇಳಿಕೊಡಬೇಕಾದ್ದಿಲ್ಲ. ನನ್ನ ಬೇಡಿಕೆ ಒಂದೇ. ವಸ್ತುವನ್ನು ಎಷ್ಟು ಪ್ರಮಾಣದಲ್ಲಿ, ಎಂಥ ಡ್ರಮ್ಮಿನಲ್ಲಿ, ಯಾವ ಸ್ಥಿತಿಯಲ್ಲಿ ಕೂಡಿಡುತ್ತಾರೋ ಅದಕ್ಕೆ ತಕ್ಕ ಪರೀಕ್ಷೆ ಆಗದೆ ಗೋದಾಮಿಗೆ ಪರವಾನಗಿ ಕೊಡಬೇಡಿ.

ನಾನಿದ್ದ ಕಡೆ ನಡೆಯುತ್ತಿದ್ದದ್ದು ಹೀಗೆ. ಲಾಟಿನಿಂದ, ಅಂದರೆ ಒಂದೇ ಸಲ ತಯಾರಾದ ಮಾಲಿನಿಂದ, ಒಂದು ಚಿಟಿಕೆ ಪುಡಿ ಬರುತ್ತಿತ್ತು. ಅದರಲ್ಲಿ 2 ಮಿಲಿಗ್ರಾಂ ತೂಗಿ, ಅಂಗಿಯ ಗುಂಡಿಗಿಂತ ಚಿಕ್ಕದಾದ ಅಲ್ಯೂಮಿನಿಯಂ ತಟ್ಟೆಗೆ ಹಾಕಿ, ಮುಚ್ಚಳಕ್ಕೆ ಸೂಜಿಯಿಂದ ತೂತು ಕೊರೆದು, ಕಾಯಿಸಿದಾಗ ವಸ್ತು ಶಾಖ ಹೀರುವುದನ್ನೂ ಬಿಡುವುದನ್ನೂ ಹಾಳೆಯ ಮೇಲೆ ಗೆರೆಯಾಗಿ ತೋರಿಸುವ ಡಿಎಸ್‌ಸಿ ಯಂತ್ರದಲ್ಲಿಟ್ಟು ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸುತ್ತಿದ್ದೆವು. ಇಂಧನ ಉರಿಯಲು ಆಮ್ಲಜನಕ ಒದಗಿಸುವ ಅಮೋನಿಯಂ ಪರ್‌ಕ್ಲೋರೇಟ್ ಆದರೆ 240 ಡಿಗ್ರಿ ಸೆಲ್ಸಿಯಸ್ ಹತ್ತಿರ ಗೆರೆ ಒಮ್ಮೆ ತಗ್ಗುತ್ತದೆ. ಹರಳಿನ ರಚನೆ ಬದಲಾಗುತ್ತಾ ಶಾಖ ಹೀರಿಕೊಳ್ಳುವ ಗುರುತು ಅದು. 300 ದಾಟುವ ಹೊತ್ತಿಗೆ ಗೆರೆ ನಿಧಾನವಾಗಿ, ಎರಡು ಏರುಗಳಾಗಿ ಮೇಲೇರತೊಡಗುತ್ತದೆ. ವಸ್ತು ಒಡೆದು ಶಾಖ ಬಿಡುತ್ತಿದೆ ಎಂದರ್ಥ. ತಗ್ಗು ಮತ್ತು ಏರುಗಳು ಇರಬೇಕಾದಲ್ಲೇ ಇದ್ದರೆ ಲಾಟ್ ಪಾಸ್. ಆ ಒಂದು ಹಾಳೆಯ ಬಲದ ಮೇಲೆ ಟನ್ನುಗಟ್ಟಲೆ ಮಾಲು ಗೋದಾಮು ಸೇರುತ್ತಿತ್ತು.

ಆ ಯಂತ್ರದ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನ ಸಂಸಾರ ನಡೆದದ್ದೇ ಅದರಿಂದ. ಆದರೆ ಅದು ಹೇಳುವುದು 2 ಮಿಲಿಗ್ರಾಮಿನ ಕಥೆ ಮಾತ್ರ. ಅಷ್ಟು ಸಣ್ಣ ಕಣದಲ್ಲಿ ಹುಟ್ಟಿದ ಶಾಖ ಹುಟ್ಟಿದ ಕ್ಷಣದಲ್ಲೇ ತಟ್ಟೆಗೆ ಇಳಿದುಹೋಗುತ್ತದೆ. ರಾಶಿಯ ನಡುವೆ ಹುಟ್ಟಿದ ಶಾಖಕ್ಕೆ ಹೊರಬರಲು ದಾರಿಯೇ ಇರುವುದಿಲ್ಲ. ಬಿಸಿ ಏರಿದಂತೆ ಶಾಖ ಹುಟ್ಟುವ ವೇಗ ಹಲವು ಪಟ್ಟು ಹೆಚ್ಚುತ್ತಾ ಹೋಗುತ್ತದೆ, ಹೊರಹೋಗುವ ವೇಗ ಮಾತ್ರ ಮೆಲ್ಲಗೆ ಹೆಚ್ಚುತ್ತದೆ. ಎರಡರ ತೂಕ ತಪ್ಪಿದ ಮೇಲೆ ತಡೆಯುವವರಿಲ್ಲ. ರಷ್ಯಾದ ವಿಜ್ಞಾನಿ ಸೆಮೆನೊವ್ ಇದನ್ನು 1920ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಲೆಕ್ಕ ಬಾರದ ರೈತನಿಗೂ ಇದು ಗೊತ್ತು: ಒಂದು ಹಿಡಿ ಹಸಿ ಹುಲ್ಲು ಏನೂ ಆಗದು, ಅದನ್ನೇ ಬಣವೆ ಒಟ್ಟಿದರೆ ಒಳಗೊಳಗೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿಯಲ್ಲಿ ಪೊಟ್ಟಣದ ಗಾತ್ರವನ್ನೇ ಲೆಕ್ಕಕ್ಕೆ ಹಿಡಿದು 7 ದಿನ ಗಮನಿಸುವ ಪರೀಕ್ಷೆ ಇರುವುದು ಸುಮ್ಮನೆ ಅಲ್ಲ.

ಮದ್ದುಗುಂಡು, ಘನ ಇಂಧನಗಳಲ್ಲಿ ಬಳಸುವ ನೈಟ್ರೋಸೆಲ್ಯುಲೋಸ್ ವಿಷಯದಲ್ಲಂತೂ ಈ ಮಾತು ಇನ್ನೂ ಕಟುಸತ್ಯ. ಅದು ಸುಮ್ಮನಿಟ್ಟರೂ ನಿಧಾನವಾಗಿ ಒಡೆಯುವ ವಸ್ತು. ಒಡೆದಾಗ ಬರುವ ಅನಿಲವೇ ಮತ್ತಷ್ಟು ಒಡೆಯುವಂತೆ ಮಾಡುತ್ತದೆ. ಆ ಅನಿಲವನ್ನು ಹಿಡಿದಿಡಲು ಸ್ಟೆಬಿಲೈಸರ್ ಬೆರೆಸಿರುತ್ತಾರೆ, ಅದು ವರ್ಷಗಳು ಉರುಳಿದಂತೆ ಖರ್ಚಾಗುತ್ತದೆ. ಇವತ್ತು ಪಾಸಾದ ಲಾಟು ಹತ್ತು ವರ್ಷದ ಮೇಲೂ ಪಾಸೇ ಎಂದು ಯಾರು ಹೇಳಬಲ್ಲರು? ಚೀನಾದ ಟಿಯಾಂಜಿನ್ ಬಂದರಿನಲ್ಲಿ 2015ರ ಆಗಸ್ಟ್ 12ರ ರಾತ್ರಿ ನಡೆದದ್ದು ನೆನಪಿರಲಿ. ಬೇಸಗೆಯ ಬಿಸಿಗೆ ನೈಟ್ರೋಸೆಲ್ಯುಲೋಸಿನ ತೇವ ಆರಿತು, ಅದು ತಾನಾಗಿಯೇ ಕಾವು ಏರಿ ಹೊತ್ತಿಕೊಂಡಿತು, ಆ ಬೆಂಕಿ ಹತ್ತಿರದಲ್ಲಿದ್ದ ಅಮೋನಿಯಂ ನೈಟ್ರೇಟಿಗೆ ಮುಟ್ಟಿತು, ಅದು ಸಿಡಿಯಿತು. 165 ಮಂದಿ ಸತ್ತರು, 8 ಮಂದಿ ಸಿಗಲೇ ಇಲ್ಲ. ಸತ್ತವರಲ್ಲಿ ಬೆಂಕಿ ಆರಿಸಲು ಹೋದವರೇ ಹೆಚ್ಚು.

ಅಮೋನಿಯಂ ಪರ್‌ಕ್ಲೋರೇಟ್ ಹಾಗಲ್ಲ, ಶುದ್ಧವಾಗಿದ್ದರೆ ಸಾಮಾನ್ಯ ಬಿಸಿಲಿಗೆ ಅದು ಕದಲುವುದಿಲ್ಲ. ಮೇಲಿನವರು ನನಗೆ ಸದಾ ಹೇಳುತ್ತಿದ್ದದ್ದು ಇದನ್ನೇ, ಅದು ಸುಳ್ಳೂ ಅಲ್ಲ. ಆದರೆ ಅಮೆರಿಕದ ನೆವಾಡಾದಲ್ಲಿ, ಹೆಂಡರ್ಸನ್ ಹತ್ತಿರ, ಬಾಹ್ಯಾಕಾಶ ಶಟಲ್‌ನ ಬೂಸ್ಟರ್ ರಾಕೆಟ್ಟುಗಳಿಗೆ ಅದನ್ನು ತಯಾರಿಸುತ್ತಿದ್ದ ಪೆಪ್ಕಾನ್ ಕಾರ್ಖಾನೆಯಲ್ಲೂ ಅದನ್ನು ಬರೀ ಆಕ್ಸಿಡೈಸರ್, ಅಂದರೆ ಆಮ್ಲಜನಕ ಒದಗಿಸುವ ವಸ್ತು, ಸ್ಫೋಟಕವಲ್ಲ ಎಂದೇ ಕೂಡಿಟ್ಟಿದ್ದರು. 1986ರ ಜನವರಿಯಲ್ಲಿ ಚಾಲೆಂಜರ್ ಎಂಬ ಶಟಲ್ ಸಿಡಿದು ಶಟಲ್ ಹಾರಾಟ ನಿಂತಿತು, ಉತ್ಪಾದನೆ ಮಾತ್ರ ನಿಲ್ಲಲಿಲ್ಲ. ಸುಮಾರು 4,000 ಟನ್ ಕಾರ್ಖಾನೆಯ ಆವರಣದಲ್ಲೇ ಉಳಿಯಿತು. 1988ರ ಮೇ 4ರಂದು ಬೆಂಕಿ ಬಿದ್ದಾಗ ಕಾರ್ಮಿಕರು ಮೊದಲು ನೀರು ಹಾಯಿಸಿ ನೋಡಿದರು, ಆಗದೆ ಓಡಿದರು. ಭೂಕಂಪ ಮಾಪಕಗಳು ದಾಖಲಿಸುವಷ್ಟು ದೊಡ್ಡ ಸ್ಫೋಟಗಳಾದವು. ಇಬ್ಬರು ಸತ್ತರು, 370ಕ್ಕೂ ಹೆಚ್ಚು ಜನ ಗಾಯಗೊಂಡರು.

ಈಗ ನನ್ನ ಕಣ್ಣಾರೆ ಕಂಡದ್ದು. ಒಂದು ರಾತ್ರಿ ಪಾಳಿಯಲ್ಲಿ ಗೋದಾಮಿನ ಬಾಗಿಲಲ್ಲಿ ಡ್ರಮ್ಮೊಂದು ಉರುಳಿ ಪರ್‌ಕ್ಲೋರೇಟ್ ನೆಲಕ್ಕೆ ಚೆಲ್ಲಿತು. ಬೆಳಗ್ಗೆ ಲೆಕ್ಕ ಸರಿಹೋಗಬೇಕಲ್ಲ. ಪೊರಕೆ ತಂದು ಗುಡಿಸಿ, ಮೊರದಂಥ ತಗಡಿನಲ್ಲಿ ತುಂಬಿ, ಅದೇ ಡ್ರಮ್ಮಿಗೆ ಸುರಿದರು. ಬಿಳಿ ಹರಳಿನ ನಡುವೆ ಕೆಂಪು ತುಕ್ಕಿನ ಚೂರು, ಗಾಡಿಯ ಚಕ್ರದಿಂದ ಬಿದ್ದ ಗ್ರೀಸಿನ ಕಪ್ಪು ಉಂಡೆ, ಒರಸುಬಟ್ಟೆಯ ಎಳೆ. ತುಕ್ಕೆಂದರೆ ಐರನ್ ಆಕ್ಸೈಡ್. ಶಟಲ್‌ನ ಬೂಸ್ಟರುಗಳಲ್ಲಿ ಇಂಧನ ಬೇಗ ಉರಿಯಲೆಂದೇ ಅದನ್ನು ಶೇ. 0.4ರಷ್ಟು ಬೆರೆಸುತ್ತಿದ್ದರು. ಗ್ರೀಸು, ಬಟ್ಟೆ ಎರಡೂ ಉರುವಲು. ನಾನು ಬೇಡ ಬೇಡವೆಂದು ಕೂಗಿದೆ. ‘ಲಾಟ್ ಪಾಸಾಗಿದೆ, ಸರ್ಟಿಫಿಕೇಟ್ ಇದೆ’ ಎಂದರು.

ಆ ಡ್ರಮ್ಮಿನಿಂದ ಒಂದು ಚಿಟಿಕೆ ತಂದು ಯಾರ ಅಪ್ಪಣೆಯೂ ಇಲ್ಲದೆ ಯಂತ್ರಕ್ಕೆ ಹಾಕಿದೆ. 240ರ ತಗ್ಗು ಇತ್ತು. ಆದರೆ ಅದು ಮುಗಿಯುತ್ತಿದ್ದಂತೆಯೇ ಗೆರೆ ನೆಟ್ಟಗೆ ಎದ್ದು ನಿಂತಿತು. ನಿಧಾನವಾಗಿ ಎರಡು ಏರುಗಳಾಗಿ ಬರಬೇಕಿದ್ದದ್ದು ಒಂದೇ ಚೂಪಾದ ಏರಾಗಿ, ಬಹಳ ಮೊದಲೇ ಬಂದುಬಿಟ್ಟಿತು. ಕೈ ನಡುಗಿತು. ಹಾಳೆಯ ಮೇಲೆ ತಾರೀಖು, ಡ್ರಮ್ಮಿನ ಸಂಖ್ಯೆ ಬರೆದು ಮೇಲಧಿಕಾರಿಗೆ ಕೊಟ್ಟೆ. ಮರುವಾರ ನನಗೆ ಮೆಮೊ ಬಂತು: ಅನುಮತಿಯಿಲ್ಲದೆ ಉಪಕರಣ ಬಳಸಿದ್ದೀರಿ.

ಮೂರು ವಾರ ಕಳೆದ ಮೇಲೆ ಜರಡಿ ಹಿಡಿಯುವ ಕೋಣೆಯಲ್ಲಿ ಬೆಂಕಿ ಎದ್ದಿತು. ಜರಡಿ ಹಿಡಿಯುತ್ತಿದ್ದ ಹುಡುಗನ ಎರಡೂ ಅಂಗೈ ಬೆಂದುಹೋದವು. ಇವತ್ತಿಗೂ ಅವನು ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲಾರ. ವಿಚಾರಣಾ ವರದಿಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದರು. ಅದು ಅದೇ ಡ್ರಮ್ಮಿನ ಮಾಲು ಹೌದೋ ಅಲ್ಲವೋ, ಯಾರೂ ನೋಡಲಿಲ್ಲ. ನೋಡಿ ಎಂದು ಕೇಳಿದ್ದಕ್ಕೆ ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಕೊನೆಯ 6 ವರ್ಷ ಅಲ್ಲೇ ಕಳೆದೆ. ಬಡ್ತಿ ಹೋಯಿತು, ಹೋಗಲಿ. ಪ್ರತಿದಿನ ಸಂಜೆ ಗೇಟಿನಲ್ಲಿ ಆ ಹುಡುಗ ಮೊಣಕೈಯಿಂದ ಬ್ಯಾಗು ಹಿಡಿದು ಬರುವುದನ್ನು ನೋಡುತ್ತಿದ್ದೆನಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು.

ಸಾಕಾಗಿದೆ ಸಚಿವರೇ. ಹಿಂಬರಹದ ಪತ್ರ ಇನ್ನೊಂದು ಬೇಡ, ಸಮಿತಿಯೂ ಬೇಡ. ಕೂಡಿಡುವ ಗಾತ್ರಕ್ಕೆ ತಕ್ಕ ಉಷ್ಣ ಪರೀಕ್ಷೆ ಇಲ್ಲದೆ ಪರವಾನಗಿ ಕೊಡಬೇಡಿ. ಹಳೆಯ ದಾಸ್ತಾನನ್ನು ಅವಧಿಗೊಮ್ಮೆ ಮತ್ತೆ ಪರೀಕ್ಷಿಸದೆ ಪರವಾನಗಿ ನವೀಕರಿಸಬೇಡಿ. ನೆಲಕ್ಕೆ ಬಿದ್ದದ್ದು ಡ್ರಮ್ಮಿಗೆ ಮರಳಿದರೆ ಆ ಪರವಾನಗಿ ಅಂದೇ ರದ್ದಾಗಲಿ. ಚಿಟಿಕೆ ನೋಡಿ ರಾಶಿಗೆ ಸಹಿ ಹಾಕುವುದನ್ನು ನಿಲ್ಲಿಸಿ.

ಆ ಗೆರೆಯ ಹಾಳೆಯ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ತಾರೀಖು, ಡ್ರಮ್ಮಿನ ಸಂಖ್ಯೆ ಎರಡೂ ಅದರ ಮೇಲಿವೆ. ನಿಮ್ಮ ಕಚೇರಿಯಿಂದ ಕರೆ ಬಂದ ದಿನವೇ ತಂದುಕೊಡುತ್ತೇನೆ.

ಇತಿ,
ಉಷ್ಣ ಪರೀಕ್ಷಾ ವಿಭಾಗದ ನಿವೃತ್ತ ನೌಕರ