ಸಬ್ಲಿಮೇಶನ್ ಪ್ರಿಂಟರ್: ಬೆಲೆ ಕೇಳುವ ಮೊದಲು ಹೆಡ್ ಯಾವುದೆಂದು ಕೇಳಿ

ಮಾನ್ಯ ಸಂಪಾದಕರೇ,

ಸ್ವಯಂ ಉದ್ಯೋಗದ ಬರಹಗಳಲ್ಲಿ ಮಗ್ ಮತ್ತು ಟೀ ಶರ್ಟ್ ಮುದ್ರಣದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಚಿತ್ರವನ್ನು ಮೊದಲು ಹಾಳೆಯ ಮೇಲೆ ಮುದ್ರಿಸಿ, ಹೀಟ್ ಪ್ರೆಸ್ ಎಂಬ ಬಿಸಿ ಯಂತ್ರದಲ್ಲಿ ಒತ್ತಿ ಬಟ್ಟೆಗೋ ಮಗ್‌ಗೋ ಇಳಿಸುವ ಈ ವಿಧಾನಕ್ಕೆ ಸಬ್ಲಿಮೇಶನ್ ಎನ್ನುತ್ತಾರೆ. ಹೀಟ್ ಪ್ರೆಸ್ ಬಗ್ಗೆ ನಾಲ್ಕು ಪ್ಯಾರಾ ಬರೆದವರು ಪ್ರಿಂಟರ್ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಈ ಕಸುಬಿನಲ್ಲಿ ಹಣ ಮುಳುಗುವುದು ಹೆಚ್ಚಾಗಿ ಆ ಒಂದು ಸಾಲಿನಲ್ಲೇ. ಪ್ರೆಸ್ ಕೆಟ್ಟರೆ ಹೀಟರನ್ನೋ ಸೆನ್ಸರನ್ನೋ ಬದಲಿಸಿ ಕೆಲಸ ಮುಂದುವರಿಸಬಹುದು. ತಪ್ಪು ಜಾತಿಯ ಪ್ರಿಂಟರ್ ತಂದುಕೊಂಡರೆ ರಿಪೇರಿ ಎಂಬುದೇ ಇಲ್ಲ.

ಸಬ್ಲಿಮೇಶನ್ ಇಂಕ್‌ನಲ್ಲಿರುವುದು ಡಿಸ್ಪರ್ಸ್ ಡೈ ಎಂಬ ಬಗೆಯ ಬಣ್ಣ. 180ರಿಂದ 210 ಡಿಗ್ರಿ ಸೆಲ್ಸಿಯಸ್ ಶಾಖ ತಾಗಿದಾಗ ಅದು ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ, ಇಲ್ಲವೇ ಮಗ್ ಮೇಲಿನ ಪಾಲಿಮರ್ ಲೇಪನದೊಳಗೆ ಇಳಿಯುತ್ತದೆ. ಇಂಥ ಇಂಕನ್ನು ಪ್ರಿಂಟರ್‌ನ ಒಳಗೇ ಬಿಸಿ ಮಾಡಬಾರದು. ಎಚ್‌ಪಿ, ಕ್ಯಾನನ್ ಕಂಪನಿಗಳ ಮನೆ ಬಳಕೆಯ ಇಂಕ್‌ಜೆಟ್‌ಗಳಲ್ಲಿರುವುದು ಥರ್ಮಲ್ ಹೆಡ್ (ಹೆಡ್ ಎಂದರೆ ಹಾಳೆಗೆ ಇಂಕ್ ಚಿಮ್ಮಿಸುವ ಭಾಗ). ಅದು ಇಂಕನ್ನು ಕ್ಷಣಮಾತ್ರ ಕುದಿಸಿ ಹನಿಯನ್ನು ಚಿಮ್ಮಿಸುತ್ತದೆ. ಸಬ್ಲಿಮೇಶನ್ ಇಂಕ್ ಹಾಕಿದರೆ ಹೀಟರ್ ಮೇಲೆ ಬಣ್ಣ ಅಂಟಿಕೊಂಡು ಹೆಡ್ ಕಟ್ಟಿಹೋಗುತ್ತದೆ. ಬಾಟಲಿಯಿಂದ ಇಂಕ್ ತುಂಬಿಸುವ ಟ್ಯಾಂಕ್ ಇರುವ ಮಾಡೆಲ್ ಆದರೂ ಇದೇ ಗತಿ. ಟ್ಯಾಂಕ್ ಇದೆ ಎಂದಮಾತ್ರಕ್ಕೆ ಪ್ರಿಂಟರ್ ಈ ಕೆಲಸಕ್ಕೆ ಬರುವುದಿಲ್ಲ. ನಮಗೆ ಬೇಕಾದದ್ದು ಪೀಜೋ ಹೆಡ್. ಇದರಲ್ಲಿ ವಿದ್ಯುತ್ ಸಿಕ್ಕಾಗ ಬಾಗುವ ಸ್ಫಟಿಕ ಇಂಕನ್ನು ತಳ್ಳುತ್ತದೆ, ಇಂಕ್ ಬಿಸಿಯಾಗುವುದಿಲ್ಲ. ಎಪ್ಸನ್ ಇಂಕ್‌ಜೆಟ್‌ಗಳಲ್ಲಿ ಇರುವುದು ಇದೇ. ಸಬ್ಲಿಮೇಶನ್‌ಗೆಂದೇ ಪ್ರಿಂಟರ್ ಮಾರುವ ಸಾಗ್ರಾಸ್ ಕಂಪನಿಯ ಎಸ್‌ಜಿ500, ಎಸ್‌ಜಿ1000 ಕೂಡ ಪೀಜೋ. ಲೇಸರ್ ಪ್ರಿಂಟರ್ ಮಾತೇ ಬೇಡ. ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಯುವ ರಿಬ್ಬನ್ ಯಂತ್ರಗಳನ್ನೂ ಡೈ ಸಬ್ಲಿಮೇಶನ್ ಎಂದೇ ಮಾರುತ್ತಾರೆ, ಅದು ಬೇರೆಯೇ ಕೆಲಸದ ಯಂತ್ರ.

ಎರಡನೆಯ ಪ್ರಶ್ನೆ ಅಗಲದ್ದು. ಇದಕ್ಕೆ ಉತ್ತರ ಸಿಗುವುದು ನೀವು ಮಾರುವ ಮಾಲಿನಲ್ಲಿ. ಸಾಮಾನ್ಯ ಮಗ್‌ನ ಸುತ್ತಳತೆಯ ಚಿತ್ರ ಸುಮಾರು 20 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಎತ್ತರ ಇರುತ್ತದೆ. ಎ4 ಹಾಳೆಯಲ್ಲಿ ಅಂಥ ಮೂರು ಪಟ್ಟಿ ಕೂರುತ್ತವೆ. ಬರೀ ಮಗ್, ಕೀಚೈನ್, ಮೌಸ್ ಪ್ಯಾಡ್ ಮಾಡುವವರು ದೊಡ್ಡ ಪ್ರಿಂಟರ್ ಕೊಳ್ಳುವುದು ದಂಡ. ಅದೇ ಹಣಕ್ಕೆ ಎರಡು ಎ4 ಪ್ರಿಂಟರ್ ಇಟ್ಟುಕೊಂಡರೆ ಒಂದರ ಹೆಡ್ ಕೈಕೊಟ್ಟ ದಿನವೂ ಆರ್ಡರ್ ನಿಲ್ಲುವುದಿಲ್ಲ. ದೊಡ್ಡವರ ಟೀ ಶರ್ಟ್ ಎದೆಯ ಮೇಲೆ 28–30 ಸೆಂಟಿಮೀಟರ್ ಅಗಲದ ಚಿತ್ರ ಬೇಕೆಂದರೆ ಎ4 ಸಾಲದು, ಎ3 ಬೇಕು. ಆದರೆ ಎ3 ಹಾಳೆಯ ಉದ್ದ 42 ಸೆಂಟಿಮೀಟರ್. ಪ್ರಿಂಟರ್, ಪ್ರೆಸ್ ಒಟ್ಟಿಗೆ ಮಾರುವ ಕಿಟ್‌ಗಳಲ್ಲಿ ಕೊಡುವ 38 × 38 ಸೆಂಟಿಮೀಟರ್ ಪ್ರೆಸ್‌ನಲ್ಲಿ ಅದು ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಎರಡು ಸಲ ಒತ್ತಿದರೆ ನಡುವೆ ಗೆರೆ ಮೂಡುತ್ತದೆ, ಬಣ್ಣವೂ ಎರಡಾಗುತ್ತದೆ. ಆದ್ದರಿಂದ ಎ3 ಪ್ರಿಂಟರ್ ಜೊತೆಗೆ 40 × 50 ಅಥವಾ 40 × 60 ಪ್ರೆಸ್ ಇರಲೇಬೇಕು. ಆಟಗಾರರ ಜೆರ್ಸಿಯನ್ನು ಅಂಚಿನಿಂದ ಅಂಚಿಗೆ ಮುದ್ರಿಸುವವರಿಗೆ 24 ಇಂಚಿನ ರೋಲ್ ಪ್ರಿಂಟರ್ ಬೇಕು, ಎಪ್ಸನ್ ಎಫ್570 ಈ ಅಗಲದ್ದು. ಬಟ್ಟೆ ಹೊಲಿಯುವ ಮೊದಲೇ ತುಂಡುಗಳನ್ನು ಮುದ್ರಿಸಬೇಕಾಗುವುದರಿಂದ ಅದಕ್ಕೆ ಹೊಂದುವ ದೊಡ್ಡ ಪ್ರೆಸ್‌ನ ಲೆಕ್ಕವನ್ನೂ ಮೊದಲೇ ಹಾಕಬೇಕು.

ಕಾಟನ್ ಬಟ್ಟೆ, ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆಯೇ ನಿಮ್ಮ ಗಿರಾಕಿಗಳ ಬೇಡಿಕೆಯಾದರೆ ಇಲ್ಲಿಗೇ ನಿಲ್ಲಿಸಿ. ಸಬ್ಲಿಮೇಶನ್‌ನಲ್ಲಿ ಬಿಳಿ ಇಂಕ್ ಇಲ್ಲ, ಹತ್ತಿಯ ಎಳೆ ಈ ಡೈಯನ್ನು ಹಿಡಿಯುವುದೂ ಇಲ್ಲ. ಅಂಥವರು ಡಿಟಿಎಫ್, ಅಂದರೆ ಚಿತ್ರವನ್ನು ಫಿಲ್ಮ್ ಮೇಲೆ ಮುದ್ರಿಸಿ ಬಟ್ಟೆಗೆ ಅಂಟಿಸುವ ವಿಧಾನದ ಕಡೆ ನೋಡಬೇಕು.

ಇನ್ನು ಕಂಪನಿಯೇ ಸಬ್ಲಿಮೇಶನ್‌ಗೆಂದು ಮಾಡಿದ ಪ್ರಿಂಟರ್ ಒಳ್ಳೆಯದೋ, ಸಾಮಾನ್ಯ ಟ್ಯಾಂಕ್ ಪ್ರಿಂಟರ್‌ಗೆ ಸಬ್ಲಿಮೇಶನ್ ಇಂಕ್ ತುಂಬಿಸುವುದು ಒಳ್ಳೆಯದೋ ಎಂಬ ಚರ್ಚೆ. ಎರಡೂ ನಡೆಯುತ್ತವೆ, ಷರತ್ತುಗಳು ಬೇರೆ. ಮೊದಲನೆಯದರಲ್ಲಿ ಇಂಕ್, ಬಣ್ಣ ಹೊಂದಿಸುವ ಪ್ರೊಫೈಲ್ ಫೈಲ್, ವಾರಂಟಿ ಎಲ್ಲವೂ ಒಂದೇ ಕಡೆಯವು. ಆದರೆ ಇಂಕನ್ನು ಅವರಿಂದಲೇ ಕೊಳ್ಳಬೇಕು. ಸಾಗ್ರಾಸ್‌ನಲ್ಲಿ ಚಿಪ್ ಇರುವ ಸಣ್ಣ ಕಾರ್ಟ್ರಿಜ್, ಎಪ್ಸನ್ ಎಫ್ ಸರಣಿಯ ಚಿಕ್ಕ ಮಾಡೆಲ್‌ಗಳಲ್ಲಿ ಬಾಟಲಿ. ಪ್ರತಿ ಮಿಲಿಲೀಟರ್‌ನ ದರದಲ್ಲಿ ಈ ಎರಡಕ್ಕೂ ದೊಡ್ಡ ಅಂತರ ಬರುತ್ತದೆ. ಎರಡನೆಯ ದಾರಿಯಲ್ಲಿ ಎಪ್ಸನ್ ಎಲ್805, ಎಲ್1800, ಇಟಿ-15000ದಂಥ ಪ್ರಿಂಟರ್‌ಗಳನ್ನು ಬಳಸುತ್ತಾರೆ. ಇಂಕ್ ತುಂಬಿದ ಗಳಿಗೆಯಲ್ಲೇ ವಾರಂಟಿಯ ಆಸೆ ಬಿಡಬೇಕು. ಅದಕ್ಕಿಂತ ಮುಖ್ಯವಾದದ್ದು, ಪ್ರಿಂಟರ್ ಪೆಟ್ಟಿಗೆಯಿಂದ ಈಗಷ್ಟೇ ತೆಗೆದದ್ದಾಗಿರಬೇಕು. ಜೊತೆಗೆ ಬಂದ ಇಂಕನ್ನು ಒಂದು ಹನಿಯೂ ಹಾಕಬಾರದು. ಹಿಂದೆ ಮಾಮೂಲಿ ಇಂಕ್ ಓಡಿದ ಪ್ರಿಂಟರ್‌ನಲ್ಲಿ ಟ್ಯೂಬ್, ಡ್ಯಾಂಪರ್ (ಹೆಡ್‌ಗೆ ಇಂಕ್ ಸಾಗಿಸುವ ಭಾಗ)ಗಳೊಳಗೆ ಆ ಬಣ್ಣ ಉಳಿದಿರುತ್ತದೆ. ಅದು ಆವಿಯಾಗುವ ಬಣ್ಣವಲ್ಲ. ಹಾಳೆಯ ಮೇಲೆ ಚಂದ ಕಾಣುತ್ತದೆ, ಬಟ್ಟೆಗೆ ಇಳಿಯದೆ ಚಿತ್ರ ಮಂಕಾಗುತ್ತದೆ. ಎರಡು ಇಂಕ್‌ಗಳು ಬೆರೆತು ಗಂಟುಕಟ್ಟಿದರೆ ಹೆಡ್ಡೇ ಹೋಗಬಹುದು. ಕ್ಲೀನಿಂಗ್ ದ್ರವದಿಂದ ತೊಳೆದುಕೊಡುತ್ತೇವೆ ಎನ್ನುವವರ ಮಾತು ನಂಬಿ ಹಳೆಯ ಪ್ರಿಂಟರ್ ಕೊಳ್ಳಬೇಡಿ.

ನಾಲ್ಕು ಬಣ್ಣವೋ ಆರು ಬಣ್ಣವೋ? ಮುಖದ ಫೋಟೊಗಳೇ ಹೆಚ್ಚಾದರೆ ತಿಳಿ ಸಯಾನ್, ತಿಳಿ ಮಜೆಂಟಾ ಇರುವ ಆರು ಬಣ್ಣದ ಪ್ರಿಂಟರ್ ಕೆನ್ನೆ, ಹಣೆಯ ಮೇಲೆ ಎದ್ದು ಕಾಣುವ ಇಂಕ್ ಚುಕ್ಕೆಗಳನ್ನು ಅಡಗಿಸುತ್ತದೆ. ಲೋಗೊ, ಹೆಸರು, ನಂಬರಿನ ಕೆಲಸಕ್ಕೆ ನಾಲ್ಕು ಸಾಕು. ಕಟ್ಟಿಕೊಳ್ಳುವ ನಾಜಲ್ (ಇಂಕ್ ಹೊರಬರುವ ಸಣ್ಣ ರಂಧ್ರ) ಸಾಲೂ ಎರಡು ಕಡಿಮೆ.

ಗಿರಾಕಿ ಮಗ್ ವಾಪಸ್ ತರುವುದು ಬಹುಪಾಲು ಬಣ್ಣದ ತಕರಾರಿಗೆ. ಅದರ ಮೂಲ ಐಸಿಸಿ ಪ್ರೊಫೈಲ್, ಅಂದರೆ ಪರದೆಯ ಬಣ್ಣ ಬಟ್ಟೆಯ ಮೇಲೂ ಸರಿಯಾಗಿ ಬರುವಂತೆ ಲೆಕ್ಕ ಹೊಂದಿಸುವ ಫೈಲ್. ಸಬ್ಲಿಮೇಶನ್ ಹಾಳೆ ಪ್ರೆಸ್‌ಗೆ ಹೋಗುವ ಮೊದಲು ಮಂಕಾಗಿಯೇ ಕಾಣಬೇಕು. ಹಾಳೆ ನೋಡಿ ಬಣ್ಣ ತಿದ್ದಲು ಹೋದರೆ ಎಲ್ಲ ಹಾಳು. ಪ್ರಿಂಟರ್, ಇಂಕ್, ಪೇಪರ್, ಡ್ರೈವರ್‌ನಲ್ಲಿ ಆರಿಸಿದ ಪೇಪರ್ ಬಗೆ ಈ ನಾಲ್ಕೂ ಸೇರಿದರೆ ಒಂದು ಪ್ರೊಫೈಲ್. ಒಂದು ಬದಲಾದರೂ ಅದು ಲೆಕ್ಕಕ್ಕಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಬ್ರ್ಯಾಂಡ್ ಇಂಕ್ ತುಂಬಿದ ಮೇಲೆ ನೀಲಿ ನೇರಳೆಯಾಯಿತು ಎಂದು ಪ್ರಿಂಟರನ್ನು ಬೈದರೆ ಪ್ರಯೋಜನವಿಲ್ಲ. ಡಿಸೈನ್ ಮಾಡುವಾಗ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬಣ್ಣ ವಿಧಾನ ಇಟ್ಟುಕೊಳ್ಳಿ. ಬಣ್ಣದ ನಿರ್ವಹಣೆಯನ್ನು ಡಿಸೈನ್ ಸಾಫ್ಟ್‌ವೇರ್‌ಗೆ ಬಿಟ್ಟು, ಪ್ರಿಂಟರ್ ಡ್ರೈವರ್‌ನಲ್ಲಿ ಕಲರ್ ಅಡ್ಜಸ್ಟ್‌ಮೆಂಟ್ ಆಫ್ ಮಾಡಿ. ಎರಡೂ ಕಡೆ ಆನ್ ಇದ್ದರೆ ತಿದ್ದುಪಡಿ ಎರಡು ಸಲ ಬಿದ್ದು ಮುಖಗಳು ಕೆಂಪಾಗುತ್ತವೆ. ಪ್ರೊಫೈಲ್ ಸರಿಯಿದೆಯೇ ಎಂದು ನೋಡಲು ಸುಲಭದ ಉಪಾಯ: ಬಿಳಿಯಿಂದ ಕಪ್ಪಿನವರೆಗಿನ ಬೂದು ಪಟ್ಟಿಯೊಂದನ್ನು ಬಿಳಿ ಪಾಲಿಯೆಸ್ಟರ್ ಮೇಲೆ ಒತ್ತಿ. ಬೂದು ಬಣ್ಣ ಹಸಿರಿಗೋ ಕೆಂಪಿಗೋ ವಾಲಿದರೆ ಪ್ರೊಫೈಲ್ ನಿಮ್ಮದಲ್ಲ. ಕಪ್ಪು ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಪ್ರೆಸ್‌ನ ಶಾಖ ಅಥವಾ ಸಮಯ ಹೆಚ್ಚಾಗಿರಬಹುದು, ಅದನ್ನು ಮೊದಲು ಇಳಿಸಿ ನೋಡಿ.

ಪ್ರಿಂಟರನ್ನು ಕೊಲ್ಲುವುದು ಅತಿಯಾದ ಕೆಲಸವಲ್ಲ, ಕೆಲಸವಿಲ್ಲದ ದಿನಗಳು. ಈ ಇಂಕ್‌ನಲ್ಲಿ ಡೈ ಕರಗಿರುವುದಿಲ್ಲ, ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ನಿಂತಲ್ಲೇ ನಿಂತರೆ ತಳಕ್ಕಿಳಿಯುತ್ತದೆ, ನಾಜಲ್ ಬಾಯಲ್ಲಿ ಒಣಗುತ್ತದೆ. ತುಂಬುವ ಮುನ್ನ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಕಲಸಿ, ನೊರೆ ಬರುವಂತೆ ಕುಲುಕಬೇಡಿ. ವಾರಕ್ಕೆ ಎರಡು ಸಲವಾದರೂ, ಒಣ ಹವೆಯಲ್ಲಿ ದಿನ ಬಿಟ್ಟು ದಿನ, ಎಲ್ಲ ಬಣ್ಣಗಳ ದಪ್ಪ ಪಟ್ಟಿ ಇರುವ ಒಂದು ಹಾಳೆ ತೆಗೆಯಿರಿ. ಕೋಣೆಯ ತೇವಾಂಶ ಶೇ 40ರಿಂದ 60ರೊಳಗೆ ಇದ್ದರೆ ಒಳ್ಳೆಯದು. ನಾಜಲ್ ಚೆಕ್‌ನಲ್ಲಿ ಗೆರೆ ತುಂಡಾಗಿದ್ದರೆ ಹೆಡ್ ಕ್ಲೀನಿಂಗ್ ಎರಡು, ಹೆಚ್ಚೆಂದರೆ ಮೂರು ಸಲ ಮಾಡಿ ನಿಲ್ಲಿಸಿ, ರಾತ್ರಿಯಿಡೀ ಬಿಟ್ಟು ಮತ್ತೆ ನೋಡಿ. ಒಂದೇ ಸಮನೆ ಕ್ಲೀನಿಂಗ್ ಒತ್ತುತ್ತಾ ಹೋದರೆ ಇಂಕ್ ಪೂರ್ತಿ ವೇಸ್ಟ್ ಪ್ಯಾಡ್‌ಗೆ, ಅಂದರೆ ಬಳಸದೆ ಹೋದ ಇಂಕ್ ಹೀರುವ ಸ್ಪಂಜಿಗೆ ಹೋಗುತ್ತದೆ.

ಆ ಪ್ಯಾಡ್ ಬಗ್ಗೆ ಮಾರುವವರು ಬಾಯಿಯನ್ನೇ ಬಿಡುವುದಿಲ್ಲ. ಎಲ್805, ಎಲ್1800ಗಳಲ್ಲಿ ಅದು ಒಳಗೆ ಕೂತಿದೆ. ಅದರ ಲೆಕ್ಕ ತುಂಬಿದ ದಿನ ಪ್ರಿಂಟರ್ ಒಂದು ಹಾಳೆಯನ್ನೂ ಹೊರಗೆ ಹಾಕುವುದಿಲ್ಲ. ಪ್ಯಾಡ್ ಬದಲಿಸಿ ಕೌಂಟರ್ ರೀಸೆಟ್ ಮಾಡಿಸಬೇಕು. ಪ್ಯಾಡ್ ಹಾಗೇ ಬಿಟ್ಟು ಕೌಂಟರ್ ಮಾತ್ರ ರೀಸೆಟ್ ಮಾಡಿದರೆ ಇಂಕ್ ಮೇಜಿನ ಮೇಲೆ ಸೋರುತ್ತದೆ. ಇಟಿ-15000ದಲ್ಲಿ ಅದೇ ಕೆಲಸ ಮಾಡುವ ಮೇಂಟೆನೆನ್ಸ್ ಬಾಕ್ಸ್ ಅನ್ನು ನಾವೇ ಕೈಯಾರೆ ಬದಲಿಸಬಹುದು. ದಿನವಿಡೀ ಓಡುವ ಅಂಗಡಿಗೆ, ಹೆಡ್‌ನ ವೇಗಕ್ಕಿಂತ ಈ ಒಂದು ಗುಣಕ್ಕೆ ಹೆಚ್ಚು ತೂಕ ಕೊಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಖರ್ಚಿನ ಲೆಕ್ಕವನ್ನು ಇಂಕ್ ಇಷ್ಟು ಪುಟಕ್ಕೆ ಬರುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದ ಅಂಕಿಯಿಂದ ಹಾಕಬೇಡಿ. ಅದು ಅಲ್ಪಸ್ವಲ್ಪ ಬಣ್ಣವಿರುವ ಕಚೇರಿ ಪುಟಗಳ ಲೆಕ್ಕ. ನಮ್ಮ ಹಾಳೆ ಅಂಚಿನವರೆಗೆ ಬಣ್ಣ ಕುಡಿಯುತ್ತದೆ. ಟ್ಯಾಂಕನ್ನು ಗುರುತಿನವರೆಗೆ ತುಂಬಿ, ನಿಮ್ಮದೇ ಡಿಸೈನ್‌ನ 50 ಹಾಳೆ ತೆಗೆದು, ಮತ್ತೆ ಅದೇ ಗುರುತಿಗೆ ಬರಲು ಎಷ್ಟು ಮಿಲಿಲೀಟರ್ ಬೇಕಾಯಿತೆಂದು ಸಿರಿಂಜ್‌ನಲ್ಲಿ ಅಳೆಯಿರಿ. ಹಾಳೆಯೊಂದರ ನಿಜವಾದ ಇಂಕ್ ಖರ್ಚು ಅದು. ಪೇಪರ್, ಕ್ಲೀನಿಂಗ್‌ಗೆ ಹೋಗುವ ಇಂಕ್, ಕೆಟ್ಟ ಮಗ್‌ಗಳನ್ನು ಅದರ ಮೇಲೆ ಸೇರಿಸಿ.

ಹಣ ಕೊಡುವ ಮೊದಲು ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಫೈಲ್ ಒಯ್ಯಿರಿ. ಅದರಲ್ಲಿ ಒಂದು ಮುಖ, ಬೂದು ಪಟ್ಟಿ, ತುಂಬು ನೀಲಿ, ತುಂಬು ಕಪ್ಪು, ತೀರಾ ಸಣ್ಣ ಅಕ್ಷರದ ಒಂದು ಸಾಲು ಇರಲಿ. ಕೊಳ್ಳುವ ಮಾಡೆಲ್‌ನಲ್ಲೇ, ಕೊಡುವ ಇಂಕ್‌ನಲ್ಲೇ ಮುದ್ರಿಸಿ ಬಟ್ಟೆಗೂ ಮಗ್‌ಗೂ ಒತ್ತಿ ತೋರಿಸಲು ಕೇಳಿ. ಹಾಳೆ ಮಾತ್ರ ತೋರಿಸಿದರೆ ಒಪ್ಪಬೇಡಿ.

ಕಿಟ್ ಮಾರುವವರಲ್ಲೂ ಒಂದು ವಿನಂತಿ. ಬಿಲ್ ಜೊತೆ ಇಂಕ್‌ನ ಬ್ರ್ಯಾಂಡ್ ಮತ್ತು ಅವಧಿ ಮುಗಿಯುವ ತಿಂಗಳು, ಅದಕ್ಕೆ ಹೊಂದುವ ಪ್ರೊಫೈಲ್ ಫೈಲ್, ಡ್ರೈವರ್‌ನಲ್ಲಿ ಆರಿಸಬೇಕಾದ ಪೇಪರ್ ಬಗೆ, ವೇಸ್ಟ್ ಪ್ಯಾಡ್ ಬದಲಿಸುವ ಕ್ರಮ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಸಾಲ ಮಾಡಿ ಯಂತ್ರ ತರುವವರಿಗೆ ಇದು ನೀವು ಕೊಡಲೇಬೇಕಾದ ಮಾಹಿತಿ.

ಇತಿ,
ಮುದ್ರಣ ಕೆಲಸದಲ್ಲಿರುವ ಓದುಗರು